ಇನ್ನೂರಲ್ಲ, ಒಂಬತ್ತು

ಶುಕ್ರವಾರ ರಾತ್ರಿ ನಮ್ಮ ಬಾಡಿಗೆ ಮನೆಯಲ್ಲಿ ಸಿನಿಮಾ ನೋಡೋದು ಒಂದು ಪದ್ಧತಿ. ಆಫೀಸಲ್ಲಿ ರಿಲೀಸ್ ಇರೋ ವಾರ ಮಾತ್ರ ರಜೆ. ನಾವು ನಾಲ್ಕು ಜನ, ಸರದಿ ಪ್ರಕಾರ ಒಬ್ಬೊಬ್ಬರು ಸಿನಿಮಾ ಆರಿಸಬೇಕು. ಮೊನ್ನೆ ನನ್ನ ಸರದಿ. ಶಿಕಾಗೋದ ಜಾನ್ ಬೊರೊವ್ಸ್ಕಿ ಅನ್ನೋ ನಿರ್ದೇಶಕ 2004ರಲ್ಲಿ ಎಚ್. ಎಚ್. ಹೋಮ್ಸ್ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ ಹಾಕಿದೆ. ಒಂದು ಗಂಟೆ ಚಿಲ್ಲರೆ. ಕಡಿಮೆ ದುಡ್ಡಲ್ಲಿ ಮಾಡಿದ್ದು ಅಂತ ಹತ್ತು ನಿಮಿಷಕ್ಕೇ ಗೊತ್ತಾಗಿಬಿಡುತ್ತೆ. ಹಳೇ ಫೋಟೋಗಳು, ಆ ಕಾಲದ ಪೇಪರ್‌ಗಳ ಗೀಚುಚಿತ್ರಗಳು, ಕೋಟು ಹ್ಯಾಟು ಹಾಕಿಕೊಂಡ ಒಂದಷ್ಟು ನಟರು, ಕೂತು ಮಾತಾಡೋ ತಜ್ಞರು. ಇದೆಲ್ಲದರ ಮೇಲೆ ಟೋನಿ ಜೇ ಅವರ ಗುಡುಗಿನಂಥ ದನಿ. ಡಿಸ್ನಿಯ ‘ಹಂಚ್‌ಬ್ಯಾಕ್ ಆಫ್ ನಾಟ್ರ್ ಡಾಮ್’ನ ಖಳನಾಯಕನಿಗೆ ದನಿ ಕೊಟ್ಟವರು ಇವರೇ.

ಮುಗಿದ ಮೇಲೆ ಅಭಿಪ್ರಾಯಗಳು ಶುರುವಾದವು. ನನ್ನ ರೂಮ್‌ಮೇಟ್ ಅಂದ, ‘ಸೀರಿಯಲ್ ಕಿಲ್ಲರ್ ಅಂತೀಯ, ಒಂದು ತೊಟ್ಟು ರಕ್ತ ಸರಿಯಾಗಿ ತೋರಿಸಲಿಲ್ವಲ್ಲ ಮಗಾ.’ ಟೆಸ್ಟಿಂಗ್ ಟೀಮಿನ ಹುಡುಗಿಗೆ ದನಿ ಇಷ್ಟವಾಗಿತ್ತು, ನಟನೆ ಕಾಲೇಜು ನಾಟಕದ ಥರ ಕಂಡಿತ್ತು. ಮೂರನೆಯವನು ಅಷ್ಟರಲ್ಲಿ ಫೋನಲ್ಲಿ ಹುಡುಕಿ, ಎದ್ದು ನಿಂತೇ ಘೋಷಣೆ ಮಾಡಿದ: ‘ಇವನು ಇನ್ನೂರು ಜನರನ್ನ ಕೊಂದಿದ್ದಾನೆ! ವಿವೇಕಾನಂದರು ಹೋಗಿದ್ರಲ್ಲ ಶಿಕಾಗೋಗೆ, ಅದೇ ವರ್ಷ ಅದೇ ಊರಲ್ಲಿ ಇವನ ಹೋಟೆಲ್ ಇತ್ತು. ಸ್ವಾಮೀಜಿ ಅಲ್ಲೇ ಉಳ್ಕೊಂಡಿದ್ರೆ ಏನಾಗ್ತಿತ್ತು ಹೇಳು?’

ಎಲ್ಲರಿಗೂ ಮೈ ಜುಂ ಅಂತು. ನನಗೂ. ಮಾರನೇ ದಿನ ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ನಾನೂ ಇದನ್ನೇ ಹೇಳಿದೆ, ಇನ್ನೂರು ಅಂತ.

ಆಮೇಲೆ ತಡೀಲಾರದೆ ಓದೋಕೆ ಕೂತೆ. ಬಗ್ ಹುಡುಕೋ ಚಟ ಶನಿವಾರನೂ ಬಿಡೋದಿಲ್ಲ.

ಅವನ ನಿಜವಾದ ಹೆಸರು ಹರ್ಮನ್ ವೆಬ್‌ಸ್ಟರ್ ಮಡ್ಜೆಟ್. 1861ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಗಿಲ್ಮಂಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದ. 1884ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಮುಗಿಸಿದ. ಎರಡು ವರ್ಷದ ನಂತರ ಶಿಕಾಗೋ ಪಕ್ಕದ ಎಂಗಲ್‌ವುಡ್‌ಗೆ ಬಂದು ಒಂದು ಔಷಧಿ ಅಂಗಡಿ ಸೇರಿದ. ಅಂಗಡಿಯ ಮುದುಕ ಯಜಮಾನನನ್ನೂ ಅವನ ಹೆಂಡತಿಯನ್ನೂ ಮುಗಿಸಿ ಅಂಗಡಿ ಹೊಡೆದುಕೊಂಡ ಅನ್ನೋದು ಎಲ್ಲರಿಗೂ ಗೊತ್ತಿರೋ ಕತೆ. ಆದರೆ ಆ ಅಂಗಡಿಯ ಡಾಕ್ಟರ್ ಹೋಲ್ಟನ್ ಮುದುಕನಲ್ಲ, ಹೆಂಗಸು. ಹೋಮ್ಸ್ ಓದಿದ ವಿಶ್ವವಿದ್ಯಾಲಯದಲ್ಲೇ ಓದಿದವಳು. ಅವಳೂ ಅವಳ ಗಂಡನೂ ಹೋಮ್ಸ್‌ನನ್ನ ನೇಣಿಗೆ ಹಾಕಿದ ಮೇಲೂ ಅದೇ ಎಂಗಲ್‌ವುಡ್‌ನಲ್ಲಿ ಆರಾಮಾಗಿ ಬದುಕಿದ್ದರು!

ಇನ್ನು ಆ ಪ್ರಸಿದ್ಧ ‘ಕೊಲೆ ಕೋಟೆ’. 63ನೇ ರಸ್ತೆ ಮತ್ತು ವಾಲೇಸ್ ರಸ್ತೆ ಕೂಡೋ ಮೂಲೆಯಲ್ಲಿ 1887ರಲ್ಲಿ ಕಟ್ಟೋಕೆ ಶುರುಮಾಡಿದ ಕಟ್ಟಡ. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ. ಮೇಳಕ್ಕೆ ಬರೋರಿಗೆ ಹೋಟೆಲ್ ಅಂತ 1892ರಲ್ಲಿ ಮೂರನೇ ಮಹಡಿ ಏರಿಸಿದ. ಆ ಹೋಟೆಲ್ ಮಾತ್ರ ಯಾವತ್ತೂ ಸರಿಯಾಗಿ ತೆರೆಯಲೇ ಇಲ್ಲ. ಅದರ ಹೆಸರು ಹೇಳಿ ಹೂಡಿಕೆದಾರರಿಂದ ದುಡ್ಡು ಎತ್ತಿದ, ಅಂಗಡಿಯವರಿಂದ ಸಾಲಕ್ಕೆ ಸಾಮಾನು ತಂದ, ವಿಮೆ ಮಾಡಿಸಿದ. ಪ್ರೇತಬಂಗಲೆ ಥರ ವರ್ಣಿಸೋ ಗುಪ್ತ ಕೋಣೆಗಳಿಗೆ ಒಂದು ಬಡಪಾಯಿ ಕಾರಣ ಇತ್ತು: ಸಾಲದ ಫರ್ನಿಚರ್ ವಾಪಸ್ ಒಯ್ಯೋಕೆ ಬಂದವರಿಗೆ ಅದು ಕಾಣಬಾರದು. ಒಟ್ಟಿನಲ್ಲಿ ಆಸಾಮಿ ಮೊದಲು ಮೋಸಗಾರ. ಕೊಲೆಗಳು ಹೆಚ್ಚಾಗಿ ಆ ಮೋಸವನ್ನ ಮುಚ್ಚೋಕೆ, ಇಲ್ಲಾ ಮುಂದುವರಿಸೋಕೆ.

ವಿವೇಕಾನಂದರ ವಿಷಯ ಇಲ್ಲೇ ಮುಗಿಸಿಬಿಡ್ತೀನಿ, ಯಾಕಂದ್ರೆ ಇದು ಈಗಾಗಲೇ ಯಾವುದಾದರೂ ವಾಟ್ಸಾಪ್ ಗುಂಪಲ್ಲಿ ಓಡಾಡ್ತಿರಬಹುದು. ಸರ್ವಧರ್ಮ ಸಮ್ಮೇಳನ ಶುರುವಾಗಿದ್ದು 1893ರ ಸೆಪ್ಟೆಂಬರ್ 11ಕ್ಕೆ, ನಗರದ ಮಧ್ಯಭಾಗದಲ್ಲಿ, ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಇರೋ ಕಟ್ಟಡದಲ್ಲಿ. ಸ್ವಾಮೀಜಿ ಉಳಿದದ್ದು ಲಯನ್ ಎಂಬ ಕುಟುಂಬದ ಮನೆಯಲ್ಲಿ. ಹೋಮ್ಸ್‌ನ ಮೂರನೇ ಮಹಡಿಗೆ ಆಗಸ್ಟ್‌ನಲ್ಲೇ ಬೆಂಕಿ ಬಿದ್ದಿತ್ತು. ನಮ್ಮ ಮೈಸೂರು ಮಹಾರಾಜರ ಅತಿಥಿಯಾಗಿದ್ದು ಹೋದವರಿಗೆ ಅಲ್ಲಿ ರೂಮು ಸಿಗೋ ಮಾತೇ ಇರಲಿಲ್ಲ. ನನ್ನ ಕಣ್ಣೆದುರಿಗೆ, ನಮ್ಮ ಹಾಲ್‌ನ ಬೀನ್ ಬ್ಯಾಗ್ ಪಕ್ಕದಲ್ಲಿ, ಒಂದು ದಂತಕತೆ ಹುಟ್ಟಿದ್ದಕ್ಕೆ ಮಾತ್ರ ನಾನೇ ಸಾಕ್ಷಿ.

ಇನ್ನೂರು ಎಲ್ಲಿಂದ ಬಂತು? 1895ರ ಬೇಸಿಗೆಯಲ್ಲಿ ಪೊಲೀಸರು ಆ ಕಟ್ಟಡ ಶೋಧಿಸಿದಾಗ ನೆಲಮಾಳಿಗೆಯಲ್ಲಿ ಒಂದಷ್ಟು ಮೂಳೆ ಸಿಕ್ಕವು. ಪೇಪರ್‌ನವರು ಅಲ್ಲೇ ಟೆಂಟ್ ಹಾಕಿದರು. ಮರುವರ್ಷ ನೇಣಿಗೆ ಮುಂಚೆ ಹೋಮ್ಸ್ ಹರ್ಸ್ಟ್‌ನ ಪತ್ರಿಕೆಗಳಿಗೆ ತಪ್ಪೊಪ್ಪಿಗೆಯೊಂದನ್ನ ಮಾರಿದ. 7,500 ಡಾಲರ್ ಅಂತಾರೆ. ಅದರಲ್ಲಿ 27 ಜನರನ್ನ ಕೊಂದೆ ಅಂದ. ಪ್ರಕಟವಾದಾಗ ನೋಡಿದರೆ ‘ಸತ್ತವರಲ್ಲಿ’ ಕೆಲವರು ಬದುಕಿದ್ದರು. 1940ರಲ್ಲಿ ಹರ್ಬರ್ಟ್ ಆಸ್ಬರಿ ಶಿಕಾಗೋದ ಪಾತಕಲೋಕದ ಬಗ್ಗೆ ಬರೆದ ರೋಚಕ ಪುಸ್ತಕದಿಂದ ಲೆಕ್ಕ ಇನ್ನೂರರವರೆಗೂ ಬೆಳೀತು. 2003ರಲ್ಲಿ ಎರಿಕ್ ಲಾರ್ಸನ್‌ನ ಪುಸ್ತಕ ಬಂದು ಹೋಮ್ಸ್ ಮತ್ತೆ ಮನೆಮಾತಾದ. ‘ಅಮೆರಿಕದ ಮೊದಲ ಸರಣಿ ಹಂತಕ’ ಅಂತ ನಮ್ಮ ಸಾಕ್ಷ್ಯಚಿತ್ರವೂ ಶೀರ್ಷಿಕೆಯಲ್ಲೇ ಹೇಳುತ್ತೆ. ಕಾನ್ಸಾಸ್‌ನಲ್ಲಿ ಬೆಂಡರ್ ಕುಟುಂಬ ದಾರಿಹೋಕರನ್ನ ಕೊಂದು ತೋಟದಲ್ಲಿ ಹೂಳ್ತಿದ್ದದ್ದು 1870ರ ದಶಕದ ಆರಂಭದಲ್ಲಿ, ಆಗ ಹೋಮ್ಸ್ ಇನ್ನೂ ಸ್ಕೂಲ್ ಹುಡುಗ.

ದಾಖಲೆ ಇಟ್ಟುಕೊಂಡು ಎಣಿಸಿದರೆ ಸಿಗೋರು ಸುಮಾರು ಒಂಬತ್ತು ಜನ. ಜೂಲಿಯಾ ಕಾನರ್, ಅವಳ ಪುಟ್ಟ ಮಗಳು ಪರ್ಲ್. ಎಮಲಿನ್ ಸಿಗ್ರಾಂಡ್. ಅಕ್ಕತಂಗಿಯರಾದ ಮಿನ್ನಿ ಮತ್ತು ನ್ಯಾನಿ ವಿಲಿಯಮ್ಸ್. ಹೋಮ್ಸ್‌ನ ಮೋಸಗಳಲ್ಲಿ ಕೈಜೋಡಿಸ್ತಿದ್ದ ಬೆಂಜಮಿನ್ ಪಿಟ್‌ಜೆಲ್. ಮತ್ತೆ ಪಿಟ್‌ಜೆಲ್‌ನ ಮೂರು ಮಕ್ಕಳು: ಆಲಿಸ್, ನೆಲ್ಲಿ, ಹೋವರ್ಡ್.

ನಮ್ಮೂರ ಹುಣಸೆ ತೋಪಿನ ಬಗ್ಗೆಯೂ ಇಂಥದ್ದೇ ಒಂದು ಕತೆ ಇದೆ. ಅಲ್ಲಿ ಏಳು ಜನರನ್ನ ಕೊಂದು ಹೂತಿದ್ದಾರೆ ಅಂತ ನಾವು ಹುಡುಗರು ಸಾಯಂಕಾಲದ ಮೇಲೆ ಆ ಕಡೆ ತಲೆ ಹಾಕ್ತಿರಲಿಲ್ಲ. ಒಂದಿನ ಅಜ್ಜಿ ಹೇಳಿದಳು, ‘ಏಳೂ ಇಲ್ಲ ಎಂಟೂ ಇಲ್ಲ ಕಣೋ. ಒಬ್ಬನೇ. ಬಳೆ ಮಾರೋನು. ಗಂಟಿನ ದುಡ್ಡಿಗೆ ಹೊಡೆದುಹಾಕಿದ್ರು. ಅವನ ಕೈಲಿ ನಾನೇ ಬಳೆ ತೊಡಿಸ್ಕಂಡಿದ್ದೆ.’ ಏಳು ಜನ ಅಂದಾಗ ಆ ಬಳೆಗಾರ ನಮ್ಮ ತಲೆಯಲ್ಲಿ ಇರಲೇ ಇಲ್ಲ. ಏಳು ದೆವ್ವ ಇದ್ದವು, ಅಷ್ಟೆ.

ಪಿಟ್‌ಜೆಲ್ ಕತೆಗೆ ಬರ್ತೀನಿ, ಸಾಕ್ಷ್ಯಚಿತ್ರದಲ್ಲಿ ನನ್ನನ್ನ ಹಿಡಿದು ಕೂರಿಸಿದ್ದು ಅದೇ. 10,000 ಡಾಲರ್ ಜೀವವಿಮೆ ಮಾಡಿಸಿ, ಯಾವುದೋ ಶವ ತೋರಿಸಿ ದುಡ್ಡು ಹೊಡೆಯೋಣ ಅಂತ ಹೋಮ್ಸ್ ಮತ್ತು ಪಿಟ್‌ಜೆಲ್ ಮಾತಾಡಿಕೊಂಡಿದ್ದರು. 1894ರ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಹೋಮ್ಸ್ ಪಿಟ್‌ಜೆಲ್‌ನನ್ನೇ ಕೊಂದ. ಶವ ಗುರುತಿಸೋಕೆ ಕರೆಸಿದ್ದು ಮಗಳು ಆಲಿಸ್‌ನ. ಆಮೇಲೆ, ನಿಮ್ಮಪ್ಪ ತಲೆಮರೆಸಿಕೊಂಡಿದ್ದಾನೆ ಅಂತ ತಾಯಿ ಕ್ಯಾರಿಯನ್ನ ನಂಬಿಸಿ, ಆಲಿಸ್ ಜೊತೆಗೆ ನೆಲ್ಲಿ, ಹೋವರ್ಡ್‌ರನ್ನೂ ತನ್ನ ವಶಕ್ಕೆ ತಗೊಂಡ. ಮಕ್ಕಳನ್ನ ಒಂದು ಗುಂಪಾಗಿ, ತಾಯಿಯನ್ನೂ ಉಳಿದಿಬ್ಬರು ಮಕ್ಕಳನ್ನೂ ಇನ್ನೊಂದು ಗುಂಪಾಗಿ ಊರಿಂದೂರಿಗೆ ಸಾಗಿಸಿದ. ಡೆಟ್ರಾಯಿಟ್‌ನಲ್ಲಿ ತಾಯಿ ಮಕ್ಕಳು ಕೆಲವೇ ಬೀದಿಗಳ ಅಂತರದಲ್ಲಿದ್ದರು. ಇಬ್ಬರಿಗೂ ಅದು ಗೊತ್ತಿರಲಿಲ್ಲ.

ಮಕ್ಕಳು ಅಮ್ಮನಿಗೆ ಕಾಗದ ಬರೀತಿದ್ದರು. ಚಳಿ, ಬೇಜಾರು, ಮನೆ ನೆನಪು, ಇಂಥವೇ. ಪೋಸ್ಟ್ ಮಾಡ್ತೀನಿ ಅಂತ ಹೋಮ್ಸ್ ಅವನ್ನ ಇಸ್ಕೊಳ್ಳೋನು. ಪೋಸ್ಟ್ ಮಾಡಲೂ ಇಲ್ಲ, ಸುಟ್ಟೂ ಹಾಕಲಿಲ್ಲ, ಕೂಡಿಟ್ಟುಕೊಂಡಿದ್ದ. ನವೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಅವನು ಸಿಕ್ಕಿಬಿದ್ದ ಮೇಲೆ ಅವು ಪೊಲೀಸರ ಕೈಸೇರಿದವು. ಫಿಲಡೆಲ್ಫಿಯಾದ ಪತ್ತೇದಾರ ಫ್ರಾಂಕ್ ಗೈಯರ್ 1895ರ ಬೇಸಿಗೆಯಲ್ಲಿ ಆ ಕಾಗದಗಳನ್ನೇ ಹಿಡಿದು ಹೊರಟ. ನಾವು ಸರ್ವರ್ ಬಿದ್ದಾಗ ಲಾಗ್ ಓದೋ ಥರ, ಯಾವ ಊರು, ಯಾವ ದಿನ, ಕಿಟಕಿಯಲ್ಲಿ ಏನು ಕಾಣ್ತಿತ್ತು ಅಂತ ಸಾಲು ಸಾಲು ನೋಡಿಕೊಂಡು. ಸಿನ್ಸಿನ್ನಾಟಿ, ಇಂಡಿಯಾನಾಪೊಲಿಸ್, ಡೆಟ್ರಾಯಿಟ್, ಟೊರಾಂಟೊ. ಹೋಟೆಲ್ ರಿಜಿಸ್ಟರ್‌ಗಳಲ್ಲಿ ಮಕ್ಕಳ ಹೆಸರಿನ ಮುಂದೆ ಕ್ಯಾನಿಂಗ್ ಅಂತಿತ್ತು. ಟೊರಾಂಟೊದ ಸೇಂಟ್ ವಿನ್ಸೆಂಟ್ ರಸ್ತೆಯಲ್ಲಿ ಥಾಮಸ್ ರೈವ್ಸ್ ಎಂಬ ಮುದುಕ ಒಂದು ಮಾತು ಹೇಳಿದ: ಪಕ್ಕದ ಮನೆಗೆ ಬಾಡಿಗೆಗೆ ಬಂದವನು ಆಲೂಗಡ್ಡೆ ಇಡೋಕೆ ಗುಂಡಿ ತೋಡಬೇಕು ಅಂತ ನನ್ನ ಸಲಿಕೆ ಇಸ್ಕೊಂಡು ಹೋಗಿದ್ದ. ಆ ಮನೆಯ ನೆಲಮಾಳಿಗೆ ಅಗೆದಾಗ ಆಲಿಸ್, ನೆಲ್ಲಿ ಸಿಕ್ಕರು. ಹೋವರ್ಡ್‌ಗಾಗಿ ಇನ್ನೂ ಆರು ವಾರ ಹುಡುಕಬೇಕಾಯಿತು. ಇಂಡಿಯಾನಾಪೊಲಿಸ್ ಪಕ್ಕದ ಅರ್ವಿಂಗ್‌ಟನ್‌ನ ಮನೆಯೊಂದರ ಚಿಮಣಿಯಲ್ಲಿ ಹಲ್ಲು, ಮೂಳೆ. ಗುರುತಿಗೆ ತಾಯಿಯ ಮುಂದೆ ಇಟ್ಟ ವಸ್ತುಗಳಲ್ಲಿ ಒಂದು ಬುಗುರಿಯೂ ಇತ್ತು.

ಈ ಭಾಗಕ್ಕೆ ಬಂದಾಗ ನಮ್ಮ ಹಾಲ್‌ನಲ್ಲಿ ಯಾರೂ ಮಾತಾಡಿರಲಿಲ್ಲ. ಆಮೇಲೆ ಅಭಿಪ್ರಾಯ ಹೇಳುವಾಗ ಯಾರೂ ಇದನ್ನ ಎತ್ತಲೂ ಇಲ್ಲ. ನಾನೂ ಅವ್ವನಿಗೆ ಫೋನಲ್ಲಿ ಇನ್ನೂರು, ಕೋಟೆ, ಗ್ಯಾಸ್ ಕೊಳವೆ ಅಂತಲೇ ಒದರಿದ್ದೆ. ಕೊನೆಯಲ್ಲಿ ಎಲ್ಲೋ ಮೂರು ಮಕ್ಕಳು ಅಂದಿದ್ದೆ. ಅವ್ವ ಇನ್ನೂರರ ಬಗ್ಗೆ ಏನೂ ಕೇಳಲಿಲ್ಲ. ‘ಆ ಮಕ್ಕಳ ತಾಯಿ ಏನಾದ್ಲು?’ ಅಂದಳು. ಆಗ ಉತ್ತರ ಇರಲಿಲ್ಲ. ಭಾನುವಾರ ಮತ್ತೆ ಫೋನ್ ಮಾಡಿ ಹೇಳಿದೆ: ಟೊರಾಂಟೊಗೆ ಹೋಗಿ ಹೆಣ್ಣುಮಕ್ಕಳ ಗುರುತು ಹಿಡಿದಳು, ಫಿಲಡೆಲ್ಫಿಯಾ ಕೋರ್ಟಲ್ಲಿ ಅವನೆದುರು ನಿಂತು ಸಾಕ್ಷಿ ಹೇಳಿದಳು, ಗಂಡನ ಕೊಲೆಗಾಗಿ 1896ರ ಮೇ 7ರಂದು ಅವನನ್ನ ನೇಣಿಗೆ ಹಾಕಿದರು. ಇನ್ನೂರಲ್ಲ ಅವ್ವ, ಒಂಬತ್ತಂತೆ, ಅಂತಲೂ ಸೇರಿಸಿದೆ. ‘ಒಂಬತ್ತು ಕಮ್ಮೀನಾ?’ ಅಂತ ಬೈದಳು.

ಹಾಗಾಗಿ ಸಾಕ್ಷ್ಯಚಿತ್ರಕ್ಕೆ ನನ್ನ ಅಂಕ ಅವತ್ತು ರಾತ್ರಿಗಿಂತ ಈಗ ಜಾಸ್ತಿ. ಶೀರ್ಷಿಕೆ ತಪ್ಪು, ನಟನೆ ಸಾಧಾರಣ. ಆದರೆ ದುಡ್ಡಿಲ್ಲದವರು ಫೋಟೋ, ದಾಖಲೆಗಳ ಹತ್ತಿರವೇ ಸುಳಿದಾಡಬೇಕಾಗುತ್ತೆ. ದುಡ್ಡಿರೋರು ಏನು ಮಾಡಿದರು ನೋಡಿ: 2017ರಲ್ಲಿ ಹಿಸ್ಟರಿ ಚಾನೆಲ್ ‘ಅಮೆರಿಕನ್ ರಿಪ್ಪರ್’ ಅಂತ ಎಂಟು ಕಂತಿನ ಸರಣಿ ಮಾಡಿ, ಲಂಡನ್ನಿನ ಜ್ಯಾಕ್ ದ ರಿಪ್ಪರ್ ಕೂಡ ಇವನೇ ಇರಬಹುದಾ ಅಂತ ಹುಡುಕಿತು. ಅದೇ ವರ್ಷ ಹೋಮ್ಸ್‌ನ ಗೋರಿಯನ್ನೂ ಅಗೆದರು. ಸಿಮೆಂಟಿನಡಿ ಇದ್ದ ಹಲ್ಲುಗಳನ್ನ ನೋಡಿ, ಇದು ಹೋಮ್ಸ್‌ನದೇ, ತಪ್ಪಿಸಿಕೊಂಡು ಓಡಿಹೋಗಿಲ್ಲ ಅಂತ ಖಾತ್ರಿಪಡಿಸಿದರು. ಅಲ್ಲಿವರೆಗೂ ಹಾಗೊಂದು ಕತೆಯೂ ಇತ್ತು.

ಕಟ್ಟಡವನ್ನ 1938ರಲ್ಲಿ ಕೆಡವಿದರು. ಆ ಜಾಗದಲ್ಲಿ ಈಗ ಪೋಸ್ಟ್ ಆಫೀಸ್ ಇದೆ. ಈ ವಿಷಯ ಗುಂಪಿಗೆ ಕಳಿಸಿದಾಗ ರೂಮ್‌ಮೇಟ್ ಉತ್ತರಿಸಿದ, ‘ಆ ಮಕ್ಕಳ ಕಾಗದ ನೆನಪಾಯ್ತು ಕಣೋ.’ ಮುಂದಿನ ಶುಕ್ರವಾರ ಅವನ ಸರದಿ. ಮಾಮೂಲಿ ಫೈಟಿಂಗ್ ಸಿನಿಮಾ ಹಾಕ್ತಾನಂತೆ.