ಏಕಾಂತಕ್ಕೆ ಗೊತ್ತಾದ ಹೊತ್ತು

ಏಕಾಂತವೆಂದೊಡನೆ ನಮ್ಮ ಸೀಮೆಯವರ ಮನಸ್ಸು ಹಳೇಬೀಡಿನ ಬಸದಿಗಳ ಕಡೆಗೆ ಹರಿಯುವುದು ಸಹಜ. ಬೇಲೂರಿನ ದೇವಾಲಯದ ಜನಸಂದಣಿಯನ್ನು ಕಂಡು ಬಂದವರು, 1133ರಲ್ಲಿ ನಿರ್ಮಿತವಾದ ಪಾರ್ಶ್ವನಾಥ ಬಸದಿಯನ್ನು ಹೊಕ್ಕು ಆ ನಿಂತ ಜಿನಮೂರ್ತಿಯನ್ನು ನೋಡಿದರೆ, ಮಾತು ತಾನಾಗಿಯೇ ಅಡಗುವುದು. ಆದರೆ ಮೌನವಾದ ಸ್ಥಳವು ದೊರೆತಮಾತ್ರಕ್ಕೆ ಏಕಾಂತವು ದೊರೆತೀತೆ? ಈ ಪ್ರಶ್ನೆಗೆ ಕ್ರೈಸ್ತರ ಇತಿಹಾಸವು ಕೊಡುವ ಉತ್ತರವು ವಿಚಾರಾರ್ಹವಾಗಿದೆ.

ಯೇಸುಸ್ವಾಮಿಯು ಅನೇಕ ರೋಗಿಗಳನ್ನು ಗುಣಪಡಿಸಿದ ಮರುದಿನ, ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನಸ್ಥಳದಲ್ಲಿ ಪ್ರಾರ್ಥಿಸಿದನೆಂದೂ, ಶಿಷ್ಯರು ಹುಡುಕಿ ಬರಲು ಪುನಃ ಊರುಗಳ ಕಡೆಗೆ ಹೊರಟನೆಂದೂ ಮಾರ್ಕನ ಸುವಾರ್ತೆಯಿಂದ ತಿಳಿದುಬರುತ್ತದೆ. ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ತನ್ನ ಮಠಕ್ಕೆ ಕಟ್ಟಳೆ ಬರೆದಾಗ, ಹಗಲಿನಲ್ಲಿ ಏಳು ಬಾರಿ, ರಾತ್ರಿಯಲ್ಲಿ ಒಂದು ಬಾರಿ ಪ್ರಾರ್ಥನೆಯನ್ನು ಗೊತ್ತುಮಾಡಿ, ಉಳಿದ ವೇಳೆಯನ್ನು ದುಡಿಮೆಗೂ ಓದಿಗೂ ಹಂಚಿದನು. 1562ರಲ್ಲಿ ಸ್ಪೇನಿನ ಆವಿಲ ನಗರದಲ್ಲಿ ಕಾರ್ಮೆಲ್ ಸಭೆಯ ಸುಧಾರಣೆಗೆ ತೊಡಗಿದ ಸಂತ ತೆರೇಸಮ್ಮನವರು, ದಿನಕ್ಕೆ ಎರಡು ಗಂಟೆಗಳ ಮೌನಪ್ರಾರ್ಥನೆಯನ್ನು ಸಂನ್ಯಾಸಿನಿಯರಿಗೆ ವಿಧಿಸಿದರು. ಬಾಳೆಲ್ಲವನ್ನೂ ಏಕಾಂತಕ್ಕೆ ಒಪ್ಪಿಸಿದವರಿಗೂ ಗೊತ್ತಾದ ಹೊತ್ತೊಂದು ಬೇಕಾಯಿತೆಂಬುದು ಇಲ್ಲಿ ಗಮನಾರ್ಹ.

ಆ ಕಟ್ಟಳೆಯು ನಮ್ಮ ನಾಡಿಗೂ ಬಂದಿತು. ಇಂದು ಅರಸೀಕೆರೆಯಿಂದ ರೈಲು ಹಾಸನ, ಸಕಲೇಶಪುರಗಳ ಮಾರ್ಗವಾಗಿ ಘಟ್ಟವಿಳಿದು ಮಂಗಳೂರನ್ನು ಮುಟ್ಟುವುದು. ಆ ಮಂಗಳೂರಿನಲ್ಲಿ ಕಾರ್ಮೆಲ್ ಮಠವನ್ನು ಸ್ಥಾಪಿಸಲೆಂದು 1870ರಲ್ಲಿ ಫ್ರಾನ್ಸಿನ ಪೋ ನಗರದಿಂದ ಸಂನ್ಯಾಸಿನಿಯರ ಸಣ್ಣ ತಂಡವೊಂದು ಹಡಗನ್ನೇರಿತು. ಅವರಲ್ಲಿ ಮೂವರು ಮಾರ್ಗಮಧ್ಯದಲ್ಲಿಯೇ ಮೃತರಾದರು. ಉಳಿದವರು ಹಿಂಜರಿಯಲಿಲ್ಲ. ಹೀಗೆ ಭಾರತದಲ್ಲಿ ಕಾರ್ಮೆಲ್ ಸಂನ್ಯಾಸಿನಿಯರ ಮೊದಲನೆಯ ಏಕಾಂತಮಠವು ಕನ್ನಡ ಕರಾವಳಿಯಲ್ಲಿ ನೆಲೆಗೊಂಡಿತು.

ಆ ತಂಡದಲ್ಲಿ ಮರಿಯಂ ಬವಾರ್ದಿಯೆಂಬ ಪ್ಯಾಲೆಸ್ತೀನಿನ ತರುಣಿಯೂ ಇದ್ದರು. ಎಳೆವಯಸ್ಸಿನಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಪರರ ಮನೆಗಳಲ್ಲಿ ಚಾಕರಿ ಮಾಡಿ ಬೆಳೆದವರು. ಮಠದಲ್ಲಿಯೂ ಮನೆಗೆಲಸವೇ ಅವರ ಪಾಲಿಗೆ ಬಂದಿತು. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿ ಅವರು ವ್ರತವನ್ನು ಕೈಕೊಂಡರು. ಆದರೆ ಅವರ ಅಲೌಕಿಕ ಅನುಭವಗಳ ವಿಷಯದಲ್ಲಿ ಹಿರಿಯರಿಗೆ ಸಂಶಯವುಂಟಾಗಿ, 1872ರಲ್ಲಿ ಅವರನ್ನು ಪೋ ನಗರಕ್ಕೆ ಹಿಂದಿರುಗಿಸಿದರು. ಅಪವಾದವನ್ನು ಹೊತ್ತರೂ ಅವರು ಪ್ರಾರ್ಥನೆಯನ್ನಾಗಲಿ ದುಡಿಮೆಯನ್ನಾಗಲಿ ಬಿಡಲಿಲ್ಲ. ಮುಂದೆ ಬೆತ್ಲೆಹೇಮಿನಲ್ಲಿ ಹೊಸ ಮಠದ ಕಟ್ಟಡವೇಳುತ್ತಿದ್ದಾಗ, ಕೆಲಸಗಾರರಿಗೆ ನೀರನ್ನೊಯ್ಯುತ್ತ ಬಿದ್ದು, ಆ ಗಾಯವೇ ಕಾರಣವಾಗಿ 1878ರ ಆಗಸ್ಟ್ 26ರಂದು ದೇಹಬಿಟ್ಟರು. 2015ರಲ್ಲಿ ಕಥೋಲಿಕ ಸಭೆಯು ಅವರನ್ನು ಸಂತರ ಸಾಲಿಗೆ ಸೇರಿಸಿತು. ಧ್ಯಾನಿಸುವವರು ಲೋಕಕ್ಕೆ ನಿರುಪಯೋಗಿಗಳೆಂಬ ಆಕ್ಷೇಪಕ್ಕೆ, ನೀರು ಹೊತ್ತು ಮಡಿದ ಆ ಜೀವಕ್ಕಿಂತ ಬೇರೆ ಸಮಾಧಾನವೇಕೆ?

ಸ್ಥಳವೇ ಮುಖ್ಯವಲ್ಲವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಸಾಕ್ಷಿಯುಂಟು. 1860ರ ಸುಮಾರಿನಲ್ಲಿ ಫ್ರೆಂಚ್ ಪಾದ್ರಿಗಳು ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ಹೆಸರಿನಲ್ಲಿ ಇಗರ್ಜಿಯೊಂದನ್ನು ಕಟ್ಟಿಸಿದ್ದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಾದಮೇಲೆ ಊರು ಎದ್ದುಹೋಯಿತು. ಮಳೆಗಾಲದ ನೀರಿನಲ್ಲಿ ಮುಳುಗಿ, ಬೇಸಗೆಯಲ್ಲಿ ಮೇಲೇಳುವ ಗೋಡೆಗಳು ಮಾತ್ರ ಉಳಿದಿವೆ. ಆದರೆ ಜಪಮಾಲೆಗೆ ಗೋಡೆಯ ಹಂಗಿಲ್ಲ. ಕೈಯಲ್ಲಿ ಹಿಡಿದ ಮಣಿಗಳೂ ಬಿಡುವಾದ ಅರ್ಧಗಳಿಗೆಯೂ ಇದ್ದರೆ ಸಾಕು.

ಸಂಸಾರಿಗಳಾದ ನಮಗೆ ಮಠವೂ ಬೇಡ, ಮರುಭೂಮಿಯೂ ಬೇಡ. ಆದರೆ ಬಿಡುವಾದಾಗ ಪ್ರಾರ್ಥಿಸುವೆನೆನ್ನುವವನಿಗೆ ಬಿಡುವೇ ಆಗುವುದಿಲ್ಲ. ಯಾವ ಮತದವರೇ ಆಗಲಿ, ದಿನದಲ್ಲೊಂದು ಹೊತ್ತನ್ನು ಮೊದಲೇ ತೆಗೆದಿರಿಸುವುದೇ ಈ ಚರಿತ್ರೆಯಿಂದ ಗ್ರಹಿಸಬೇಕಾದ ನೀತಿಯು.