ಪರದೇಶಿಗೆ ನೆಲವಿಲ್ಲ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಮೊದಲನೆಯದು. ದಿಕ್ಕುದೆಸೆಯಿಲ್ಲದವನು, ತನ್ನದೆಂದು ಹೇಳಿಕೊಳ್ಳಲು ಗೇಣು ನೆಲವೂ ಇಲ್ಲದವನು ಎಂಬುದು ಎರಡನೆಯದು. ಮೊದಲನೆಯ ಅರ್ಥದ ಪರದೇಶಿಯನ್ನು ಎರಡನೆಯ ಅರ್ಥದ ಪರದೇಶಿಯನ್ನಾಗಿ ಮಾಡುವ ಕೆಲಸವನ್ನು ಅನೇಕ ದೇಶಗಳ ಕಾನೂನುಗಳು ಬಹುಕಾಲದಿಂದ ಮಾಡುತ್ತ ಬಂದಿವೆ. ಹೊರಗಿನಿಂದ ಬಂದವನು ದುಡಿಯಬಹುದು, ವ್ಯಾಪಾರ ಮಾಡಬಹುದು, ತೆರಿಗೆ ಕಟ್ಟಬಹುದು. ಆದರೆ ಮಣ್ಣಿನ ಮಾತು ಬಂದಾಗ ಮಾತ್ರ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಲಾಗುತ್ತದೆ.

ಇದು ಹೊಸ ಸಂಗತಿಯಲ್ಲ. ಪ್ರಾಚೀನ ಅಥೆನ್ಸ್ ನಗರದಲ್ಲಿ ನೆಲೆಸಿದ್ದ ಪರಸ್ಥಳದವರನ್ನು ‘ಮೆಟಿಕ್’ ಎಂದು ಕರೆಯುತ್ತಿದ್ದರು. ಅವರು ವರ್ಷವರ್ಷವೂ ತಲೆಗಂದಾಯ ಕೊಡಬೇಕಿತ್ತು, ಯುದ್ಧ ಬಂದರೆ ನಗರದ ಪರವಾಗಿ ಹೋರಾಡಬೇಕಿತ್ತು. ಆದರೆ ಹೊಲವನ್ನಾಗಲಿ ಮನೆಯನ್ನಾಗಲಿ ಸ್ವಂತಕ್ಕೆ ಪಡೆಯುವ ಹಕ್ಕು ಅವರಿಗಿರಲಿಲ್ಲ. ಆ ಹಕ್ಕಿಗೆ ‘ಎಂಕ್ತೇಸಿಸ್’ ಎಂಬ ಪ್ರತ್ಯೇಕ ಹೆಸರೇ ಇದ್ದು, ನಗರಕ್ಕೆ ವಿಶೇಷ ಉಪಕಾರ ಮಾಡಿದವರಿಗೆ ಮಾತ್ರ ಜನಸಭೆ ಅದನ್ನು ದಯಪಾಲಿಸುತ್ತಿತ್ತು. ಸ್ಟಗೈರಾ ಊರಿನವನಾದ ಅರಿಸ್ಟಾಟಲನೂ ಅಥೆನ್ಸಿನಲ್ಲಿ ಮೆಟಿಕ್ ಆಗಿಯೇ ಬಾಳಿದವನು.

ಇಂಗ್ಲೆಂಡಿನಲ್ಲಿ ಈ ನಿಷೇಧಕ್ಕೆ ಇನ್ನೊಂದು ತರ್ಕವಿತ್ತು. ಅಲ್ಲಿನ ಹಳೆಯ ಕಾನೂನಿನ ಪ್ರಕಾರ ಭೂಮಿಯೆಲ್ಲ ಕೊನೆಗೆ ದೊರೆಯದು. ಭೂಮಿ ಹಿಡಿದವನು ದೊರೆಗೆ ನಿಷ್ಠನಾಗಿರಬೇಕು. ಬೇರೊಬ್ಬ ದೊರೆಯ ಪ್ರಜೆಗೆ ಇಂಥ ನಿಷ್ಠೆ ಸಾಧ್ಯವಿಲ್ಲವಾದ್ದರಿಂದ ಅವನು ಕೊಂಡ ಭೂಮಿಯನ್ನು ರಾಜ್ಯವು ಮುಟ್ಟುಗೋಲು ಹಾಕಿಕೊಳ್ಳಬಹುದಿತ್ತು. ಪರದೇಶದವರಿಗೂ ಸ್ವದೇಶೀಯರಂತೆಯೇ ಆಸ್ತಿ ಹೊಂದುವ ಹಕ್ಕನ್ನು ಬ್ರಿಟನ್ ಕೊಟ್ಟಿದ್ದು 1870ರಲ್ಲಿ. ಇಂಗ್ಲೆಂಡ್ ಕೈಬಿಟ್ಟ ಈ ಹಳೆಯ ನಂಬಿಕೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹೊಸ ವೇಷದಲ್ಲಿ ಕಾಣಿಸಿಕೊಂಡಿತು.

ಹೆಸರೆತ್ತದ ಕಾನೂನು

ಕ್ಯಾಲಿಫೋರ್ನಿಯಾಕ್ಕೆ ಕೂಲಿಗಳಾಗಿ ಬಂದ ಜಪಾನೀಯರು 20ನೇ ಶತಮಾನದ ಆರಂಭದ ಹೊತ್ತಿಗೆ ಸ್ವಂತ ಬೇಸಾಯಕ್ಕೆ ಇಳಿದಿದ್ದರು. ಇತರರು ಬಿಟ್ಟ ನೆಲದಲ್ಲೂ ತರಕಾರಿ, ಹಣ್ಣು ಬೆಳೆದು ಗೆದ್ದರು. ಈ ಗೆಲುವೇ ಅವರಿಗೆ ಮುಳುವಾಯಿತು. 1913ರಲ್ಲಿ ಆ ರಾಜ್ಯದ ಶಾಸನಸಭೆ ‘ಪರಕೀಯರ ಭೂ ಕಾಯಿದೆ’ಯನ್ನು ಕೈಗೆತ್ತಿಕೊಂಡಿತು. ಜಪಾನಿನೊಡನೆ ಸಂಬಂಧ ಕೆಡುವುದೆಂದು ಹೆದರಿದ ಅಧ್ಯಕ್ಷ ವುಡ್ರೊ ವಿಲ್ಸನ್ ತಮ್ಮ ವಿದೇಶಾಂಗ ಸಚಿವ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರನ್ನೇ ಸ್ಯಾಕ್ರಮೆಂಟೊ ನಗರಕ್ಕೆ ಕಳುಹಿಸಿದರು. ಫಲ ಸಿಗಲಿಲ್ಲ. ಗವರ್ನರ್ ಹೈರಂ ಜಾನ್ಸನ್ ಕಾಯಿದೆಗೆ ಸಹಿ ಹಾಕಿದರು.

ಈ ಕಾಯಿದೆಯಲ್ಲಿ ಜಪಾನ್ ಎಂಬ ಹೆಸರೇ ಇರಲಿಲ್ಲ. ‘ಪೌರತ್ವ ಪಡೆಯಲು ಅರ್ಹರಲ್ಲದ ಪರಕೀಯರು’ ಕೃಷಿಭೂಮಿ ಕೊಳ್ಳುವಂತಿಲ್ಲ, ಮೂರು ವರ್ಷಕ್ಕಿಂತ ಹೆಚ್ಚು ಕಾಲ ಗುತ್ತಿಗೆ ಪಡೆಯುವಂತಿಲ್ಲ ಎಂದಷ್ಟೇ ಅದು ಹೇಳಿತು. ಚಾತುರ್ಯವಿದ್ದುದು ಇಲ್ಲಿಯೇ. 1790ರ ಅಮೆರಿಕದ ಪೌರತ್ವ ಕಾನೂನು ವಲಸೆಗಾರರಲ್ಲಿ ಸ್ವತಂತ್ರರಾದ ಬಿಳಿಯರಿಗೆ ಮಾತ್ರ ಬಾಗಿಲು ತೆರೆದಿತ್ತು; 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿಕೊಳ್ಳಲಾಯಿತು. ಏಷ್ಯಾದವರು ಹೊರಗೇ ಉಳಿದರು. ಆದ್ದರಿಂದ ಯುರೋಪಿನಿಂದ ನಿನ್ನೆ ಬಂದಿಳಿದವನು ಹೊಲ ಕೊಳ್ಳಬಹುದಿತ್ತು. ಇಪ್ಪತ್ತು ವರ್ಷ ಅಲ್ಲೇ ಬೆವರು ಸುರಿಸಿದ ಜಪಾನೀಯನು ಕೊಳ್ಳುವಂತಿರಲಿಲ್ಲ. 1920ರಲ್ಲಿ ಜನಮತದ ಮೂಲಕ ಕಾಯಿದೆಯನ್ನು ಇನ್ನಷ್ಟು ಬಿಗಿಗೊಳಿಸಿ, ಗುತ್ತಿಗೆಯ ಅವಕಾಶವನ್ನೂ ಕಿತ್ತುಕೊಳ್ಳಲಾಯಿತು.

ಮಕ್ಕಳ ಹೆಸರಿನ ಮನೆ

ಅಪ್ಪನಿಗಿಲ್ಲದ ಹಕ್ಕು ಮಕ್ಕಳಿಗಿತ್ತು. ಅಮೆರಿಕದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಅಲ್ಲಿನ ಪೌರರು. ರಿವರ್‌ಸೈಡ್ ಎಂಬ ಊರಿನಲ್ಲಿ ಉಪಾಹಾರ ಗೃಹ ನಡೆಸುತ್ತಿದ್ದ ಜುಕಿಚಿ ಹರಾಡ 1915ರ ಡಿಸೆಂಬರಿನಲ್ಲಿ ಲೆಮನ್ ಬೀದಿಯ ಒಂದು ಮನೆಯನ್ನು ಅಲ್ಲೇ ಹುಟ್ಟಿದ ತಮ್ಮ ಮೂವರು ಮಕ್ಕಳ ಹೆಸರಿನಲ್ಲಿ ಕೊಂಡರು. ಇಕ್ಕಟ್ಟಾದ ಬಾಡಿಗೆ ವಾಸದಲ್ಲಿದ್ದಾಗ ಒಂದು ಮಗುವನ್ನು ಕಾಯಿಲೆಯಲ್ಲಿ ಕಳೆದುಕೊಂಡಿದ್ದ ತಂದೆ ಅವರು. ನೆರೆಹೊರೆಯವರು ಸಮಿತಿ ಕಟ್ಟಿಕೊಂಡು ಬಂದರು, ಮನೆ ಮಾರಿಬಿಡಿ ಎಂದು ಒತ್ತಾಯಿಸಿದರು. ಹರಾಡ ಒಪ್ಪಲಿಲ್ಲ. ಮೊಕದ್ದಮೆ ನಡೆಯಿತು. 1918ರಲ್ಲಿ ನ್ಯಾಯಾಲಯ ಮಕ್ಕಳ ಪರವಾಗಿ ತೀರ್ಪಿತ್ತಿತು: ಅವರು ಚಿಕ್ಕವರಾದರೇನು, ಅಮೆರಿಕದ ಪೌರರು, ಮನೆ ಅವರದೇ.

ಗೆದ್ದ ಮನೆಯಲ್ಲಿ ಆ ಸಂಸಾರ ಸುಖವಾಗಿ ಉಳಿಯಲಿಲ್ಲ. ಎರಡನೆಯ ಮಹಾಯುದ್ಧ ಕಾಲದಲ್ಲಿ, 1942ರಲ್ಲಿ, ಪಶ್ಚಿಮ ಕರಾವಳಿಯ ಜಪಾನೀಯರನ್ನೆಲ್ಲ ಬಂಧನ ಶಿಬಿರಗಳಿಗೆ ಸಾಗಿಸಲಾಯಿತು. ಹರಾಡ ದಂಪತಿ ಯೂಟಾ ರಾಜ್ಯದ ಟೋಪಾಜ್ ಶಿಬಿರದಲ್ಲೇ ತೀರಿಕೊಂಡರು. ಯುದ್ಧ ಮುಗಿದ ಮೇಲೆ ಮಗಳು ಸುಮಿ ಹಿಂತಿರುಗಿ, ದಶಕಗಳ ಕಾಲ ಮನೆಯನ್ನು ಕಾಪಾಡಿಕೊಂಡರು. 1990ರಲ್ಲಿ ಆ ಮನೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆನಿಸಿತು.

ಕಾನೂನು ಮುಟ್ಟಿದ ಭಾರತೀಯರು

ಇದೇ ಕಾಯಿದೆಯ ಬಿಸಿ ಭಾರತೀಯರಿಗೂ ತಟ್ಟಿತು. ಪಂಜಾಬಿನಿಂದ ಹೋದ ರೈತರು ಇಂಪೀರಿಯಲ್ ಕಣಿವೆಯ ಸುಡುವ ಬಯಲಿನಲ್ಲಿ ಹತ್ತಿ ಮುಂತಾದ ಬೆಳೆಗಳಲ್ಲಿ ತೊಡಗಿದ್ದರು. ಭಾರತೀಯರು ‘ಬಿಳಿಯರು’ ಹೌದೇ ಅಲ್ಲವೇ ಎಂಬ ಬಗ್ಗೆ ಅಲ್ಲಿಯ ನ್ಯಾಯಾಲಯಗಳಲ್ಲಿ ಒಮ್ಮತವಿರಲಿಲ್ಲವಾದ್ದರಿಂದ ಕೆಲವರಿಗೆ ಪೌರತ್ವವೂ ದೊರಕಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಸೇರಿದ್ದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ 1923ರಲ್ಲಿ ಸುಪ್ರೀಂ ಕೋರ್ಟು ಈ ಗೊಂದಲಕ್ಕೆ ತೆರೆ ಎಳೆಯಿತು. ಸಾಮಾನ್ಯ ಜನರ ತಿಳಿವಳಿಕೆಯಂತೆ ಭಾರತೀಯರು ಬಿಳಿಯರಲ್ಲ ಎಂದಿತು. ಒಂದೇ ತೀರ್ಪಿನಿಂದ ಅವರು ಪೌರತ್ವಕ್ಕೂ ಅನರ್ಹರಾದರು, ನೆಲಕ್ಕೂ ಅನರ್ಹರಾದರು.

ಸ್ಯಾನ್ ಫ್ರಾನ್ಸಿಸ್ಕೊ ನಗರದ ವ್ಯಾಪಾರಿ ವೈಷ್ಣೋ ದಾಸ್ ಬಗಾಯ್ ಇದರ ಬೆಲೆ ತೆತ್ತವರಲ್ಲಿ ಒಬ್ಬರು. 1915ರಲ್ಲಿ ಹೆಂಡತಿ ಕಲಾ ಹಾಗೂ ಮೂವರು ಗಂಡುಮಕ್ಕಳೊಡನೆ ಅಮೆರಿಕಕ್ಕೆ ಬಂದ ಅವರು ಪೌರತ್ವ ಪಡೆದಿದ್ದರು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ಸಮೇತ ಹೋದಾಗ ನೆರೆಯವರು ಒಳಗೆ ಕಾಲಿಡಗೊಡದೆ ಅಟ್ಟಿದ್ದರು. ತೀರ್ಪಿನ ನಂತರ ಪೌರತ್ವ ಹೋಯಿತು, ಆಸ್ತಿಯೂ ಕೈಬಿಟ್ಟಿತು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಸಾಯುವ ಮುನ್ನ ಬರೆದ ಕಾಗದ ಪತ್ರಿಕೆಯಲ್ಲಿ ಅಚ್ಚಾಯಿತು. ಚಿನ್ನದ ಪಂಜರದಲ್ಲಿ ಬದುಕುವುದು ಒಂದು ಬದುಕೇ ಎಂಬ ಅಳಲು ಅದರಲ್ಲಿತ್ತು. ಅದೇ ಬರ್ಕ್ಲಿ ನಗರ 2020ರಲ್ಲಿ ಒಂದು ಬೀದಿಗೆ ಕಲಾ ಬಗಾಯ್ ಅವರ ಹೆಸರಿಡಲು ತೀರ್ಮಾನಿಸಿತು.

ಹಳ್ಳಿಗಾಡಿನ ರೈತರು ಬೇರೆ ದಾರಿ ಹುಡುಕಿಕೊಂಡರು. ನಂಬಿಕಸ್ಥ ಬಿಳಿಯ ವಕೀಲರ, ವರ್ತಕರ ಹೆಸರಿನಲ್ಲಿ ಜಮೀನು ಬರೆಸಿದರು. ಅನೇಕರು ಮೆಕ್ಸಿಕೊ ಮೂಲದ ಹೆಂಗಸರನ್ನು ಮದುವೆಯಾಗಿದ್ದರು. ಆ ಮಕ್ಕಳು ಅಮೆರಿಕದ ಪೌರರಾದ್ದರಿಂದ ಅವರ ಹೆಸರಿನಲ್ಲೂ ಜಮೀನು ಇಟ್ಟರು. ಬೇನಾಮಿ ಎಂಬ ಮಾತಿನ ಅರ್ಥವನ್ನು ಯಾರೂ ಅವರಿಗೆ ಹೇಳಿಕೊಡಬೇಕಿರಲಿಲ್ಲ. ಆದರೆ ಬೇರೊಬ್ಬರ ಹೆಸರಿನ ಹೊಲದಲ್ಲಿ ಉಳುವವನಿಗೆ ಭದ್ರತೆ ಎಲ್ಲಿಯದು? ಹೆಸರಿನವನು ಮಾತಿಗೆ ತಪ್ಪಿದರೆ ನ್ಯಾಯಾಲಯದ ಮೆಟ್ಟಿಲು ಹತ್ತುವಂತೆಯೂ ಇರಲಿಲ್ಲ.

ಬಾಗಿಲು ತೆರೆದ ಬಗೆ

ಕಾಯಿದೆ ಒಂದೇ ಏಟಿಗೆ ಬೀಳಲಿಲ್ಲ. ಭಾರತೀಯರು ಹಾಗೂ ಫಿಲಿಪಿನೊ ಜನರಿಗೆ ಪೌರತ್ವದ ಅವಕಾಶ ಕೊಡುವ ಕಾನೂನಿಗೆ 1946ರಲ್ಲಿ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದರು. 1948ರಲ್ಲಿ ಒಯಾಮ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ತಂದೆ ಜಪಾನೀಯನೆಂಬ ಕಾರಣಕ್ಕೆ ಪೌರನಾದ ಮಗನ ಜಮೀನನ್ನು ಕಿತ್ತುಕೊಳ್ಳಲಾಗದು ಎಂದಿತು. ಕಾಯಿದೆಯನ್ನು ಪರೀಕ್ಷೆಗೊಡ್ಡಲೆಂದೇ ಲಾಸ್ ಏಂಜಲಿಸ್ ಕೌಂಟಿಯಲ್ಲಿ ನಿವೇಶನ ಕೊಂಡ ಪತ್ರಿಕೋದ್ಯಮಿ ಸೆಯ್ ಫುಜಿ ಅವರ ಮೊಕದ್ದಮೆಯಲ್ಲಿ, 1952ರಲ್ಲಿ, ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಕಾಯಿದೆಯೇ ಸಂವಿಧಾನಬಾಹಿರವೆಂದು ಸಾರಿತು. 1956ರ ನವೆಂಬರಿನಲ್ಲಿ ಮತದಾರರು ಅದನ್ನು ಕಾನೂನು ಪುಸ್ತಕದಿಂದಲೂ ಅಳಿಸಿಹಾಕಿದರು. ಅದೇ ಚುನಾವಣೆಯಲ್ಲಿ ಇಂಪೀರಿಯಲ್ ಕಣಿವೆಯ ರೈತ ದಲೀಪ್ ಸಿಂಗ್ ಸೌಂಡ್ ಅಮೆರಿಕದ ಸಂಸತ್ತಿಗೆ ಆರಿಸಿ ಬಂದ ಮೊದಲ ಏಷ್ಯನ್ ಆದರು. ಗಣಿತದಲ್ಲಿ ಡಾಕ್ಟರೇಟ್ ಪಡೆದಿದ್ದರೂ ಸ್ವಂತ ಹೆಸರಿನಲ್ಲಿ ಹೊಲ ಹೊಂದಲಾಗದೆ ವರ್ಷಗಳನ್ನು ಕಳೆದವರು ಅವರು.

ಹಾಗೆಂದು ಪರದೇಶಿಗೆ ನೆಲದ ಬಾಗಿಲು ಎಲ್ಲೆಡೆ ತೆರೆದಿದೆಯೆಂದಲ್ಲ. ಸ್ವಿಟ್ಜರ್ಲೆಂಡ್ ತನ್ನ ರಮ್ಯ ಕಣಿವೆಗಳ ಮನೆಗಳನ್ನು ವಿದೇಶೀಯರಿಗೆ ಮಾರುವುದಕ್ಕೆ ದಶಕಗಳಿಂದ ಮಿತಿ ಹಾಕಿದೆ. ನ್ಯೂಜಿಲೆಂಡ್ 2018ರಲ್ಲಿ, ಕೆನಡಾ 2023ರಲ್ಲಿ, ಆಸ್ಟ್ರೇಲಿಯಾ 2025ರಲ್ಲಿ ವಿದೇಶೀಯರ ಮನೆ ಖರೀದಿಗೆ ಕಡಿವಾಣ ಹಾಕಿದವು. ಮನೆಗಳ ಬೆಲೆ ಸ್ಥಳೀಯರ ಕೈಗೆಟುಕದಂತೆ ಏರಿದ್ದೇ ಇದಕ್ಕೆ ಅವು ಕೊಟ್ಟ ಮುಖ್ಯ ಕಾರಣ.

ಭಾರತದ ನಿಯಮಗಳೂ ಉದಾರವೇನಲ್ಲ. ಭಾರತೀಯ ಮೂಲದವರಲ್ಲದ, ಇಲ್ಲಿ ವಾಸವಿಲ್ಲದ ವಿದೇಶೀಯರು ಸಾಮಾನ್ಯವಾಗಿ ಇಲ್ಲಿ ಸ್ಥಿರಾಸ್ತಿ ಕೊಳ್ಳುವಂತಿಲ್ಲ. ಅಮೆರಿಕದ ಪೌರತ್ವ ಪಡೆದ ಕನ್ನಡಿಗ ಸಾಗರೋತ್ತರ ಭಾರತೀಯನೆಂಬ ಕಾರ್ಡು ಪಡೆದಿದ್ದರೆ ಬೆಂಗಳೂರಿನಲ್ಲಿ ಮನೆ ಕೊಳ್ಳಬಹುದು. ಆದರೆ ಹಾಸನದಲ್ಲೋ ಕೊಡಗಿನಲ್ಲೋ ಹೊಲ, ತೋಟ ಕೊಳ್ಳುವಂತಿಲ್ಲ. ಭಾರತದಲ್ಲಿರುವ ಅಪ್ಪನ ಗದ್ದೆ ಪಿತ್ರಾರ್ಜಿತವಾಗಿ ಬರಬಹುದು, ಪಕ್ಕದ ಗದ್ದೆಯನ್ನು ಖರೀದಿಸಲಾಗದು. ಹುಟ್ಟಿದ ಊರಿನ ಮಣ್ಣಿಗೆ ಅವನು ಅರ್ಧ ಪರದೇಶಿ.

ತನ್ನ ನೆಲವನ್ನು ಕಾಪಾಡಿಕೊಳ್ಳುವ ಅಧಿಕಾರ ಪ್ರತಿ ದೇಶಕ್ಕೂ ಉಂಟು. ಬೆಲೆ ಏರದಿರಲಿ, ಉಳುವವನ ಭೂಮಿ ಉಳಿಯಲಿ ಎಂಬುದು ಒಂದು ಬಗೆಯ ಕಾಳಜಿ. ಇಂಥ ಮೈಬಣ್ಣದವನು ನಮ್ಮ ನೆರೆಯಲ್ಲಿ ಇರದಿರಲಿ ಎಂಬುದು ಬೇರೆಯೇ ಬಗೆಯದು. ಎರಡೂ ಕಾನೂನಿನ ಒಂದೇ ಭಾಷೆಯಲ್ಲಿ ಮಾತಾಡುತ್ತವೆ ಎಂಬುದೇ ತೊಡಕು. 1913ರ ಕಾಯಿದೆಯಲ್ಲಿ ಯಾವ ಜನಾಂಗದ ಹೆಸರೂ ಇರಲಿಲ್ಲ. ಆದರೂ ಅದು ಯಾರ ಮನೆಯ ಕದ ತಟ್ಟುತ್ತದೆಂಬುದು ಬರೆದವರಿಗೂ ಗೊತ್ತಿತ್ತು, ಆ ಮನೆಯೊಳಗಿದ್ದವರಿಗೂ ಗೊತ್ತಿತ್ತು.