ಗಣಿನಾಡಿನ ಆಕಾಶದಲ್ಲಿ ವಿಮಾನದ ಬಿಳಿಗೆರೆ: ಎತ್ತರದ ಪ್ರಶ್ನೆ

ಕೋಲಾರ ಚಿನ್ನದ ಗಣಿ ಪ್ರದೇಶದ ಆಂಡರ್ಸನ್‌ಪೇಟೆಯ ಮೇಲೆ ಹಾದುಹೋಗುವ ವಿಮಾನಗಳಲ್ಲಿ ಒಂದರ ಹಿಂದೆ ಉದ್ದನೆಯ ಬಿಳಿಗೆರೆ ಮೂಡುತ್ತದೆ. ಅದೇ ದಾರಿಯಲ್ಲಿ ಬಂದ ಇನ್ನೊಂದು ಏನನ್ನೂ ಬಿಡದೆ ಸಾಗುತ್ತದೆ. ಅಸಹಜವೆನಿಸುವ ಈ ವ್ಯತ್ಯಾಸದ ಕಾರಣವನ್ನು ಇಂಧನದಲ್ಲಿ ಹುಡುಕುವ ಮುನ್ನ ಎತ್ತರದಲ್ಲಿ ಹುಡುಕಬೇಕೆಂಬುದು ಈ ಲೇಖನದ ವಾದ. ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 1.25 ಕಿಲೋ ನೀರಾವಿ ಹುಟ್ಟುತ್ತದೆ. ಅದು ಹನಿಗಟ್ಟಿ ಹಿಮಹರಳಾಗಲು ಸುತ್ತಲಿನ ಗಾಳಿ ಎಷ್ಟು ತಣ್ಣಗಿರಬೇಕೆಂಬುದನ್ನು 1941ರಲ್ಲಿ ಅರ್ನ್ಸ್ಟ್ ಶ್ಮಿಟ್, 1953ರಲ್ಲಿ ಹರ್ಬರ್ಟ್ ಆಪಲ್‌ಮನ್ ಲೆಕ್ಕಹಾಕಿದರು. ಸ್ಥೂಲವಾಗಿ ಅದು ಮೈನಸ್ 40 ಡಿಗ್ರಿ ಸೆಲ್ಸಿಯಸ್. ಯುರೋಪಿನ ಚಳಿಗಾಲದಲ್ಲಿ ಈ ಶೈತ್ಯ ಎಂಟು ಕಿ.ಮೀ. ಎತ್ತರದಲ್ಲೇ ಸಿಗಬಹುದು. 13 ಡಿಗ್ರಿ ಅಕ್ಷಾಂಶದ ನಮ್ಮಲ್ಲಿ ಹನ್ನೊಂದು ಕಿ.ಮೀ. ಆಸುಪಾಸಿಗೆ ಏರಬೇಕು. ದೂರಪ್ರಯಾಣದ ಜೆಟ್‌ಗಳು ಹಾರುವುದೂ ಸರಿಸುಮಾರು ಹತ್ತರಿಂದ ಹನ್ನೆರಡೂವರೆ ಕಿ.ಮೀ. ನಡುವೆ. ಗೆರೆ ಮೂಡುವ ಅಂಚು ಹೀಗೆ ವಿಮಾನಗಳ ಹಾದಿಯೊಳಗೇ ಬಿದ್ದಿದೆ. 2003ರ ನವೆಂಬರ್‌ನಿಂದ ಭಾರತದ ಮೇಲಣ ಆ ಪದರದಲ್ಲಿ ಒಂದರ ಮೇಲೊಂದು ಹಾರುವ ವಿಮಾನಗಳಿಗೆ ಸಾವಿರ ಅಡಿ ಅಂತರ ಸಾಕು. ಆ ಸಾವಿರ ಅಡಿಯಲ್ಲೇ ಉಷ್ಣಾಂಶ ಸುಮಾರು ಎರಡು ಡಿಗ್ರಿ ಇಳಿಯುತ್ತದೆ.

ಒಂದೇ ಎತ್ತರದ ಎರಡು ವಿಮಾನಗಳೂ ಬೇರೆಬೇರೆಯಾಗಿ ವರ್ತಿಸುತ್ತವಲ್ಲ ಎಂಬ ಆಕ್ಷೇಪ ತೂಕದ್ದೇ. ಅದಕ್ಕೆ ಉತ್ತರವು ಜರ್ಮನಿಯ ಉಲ್ರಿಶ್ ಶೂಮನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದೆ. ಅಕ್ಕಪಕ್ಕದಲ್ಲಿ ಹಾರಿದ ಹೊಸ ಏರ್‌ಬಸ್ ಗೆರೆ ಎಳೆಯಿತು, ಹಳೆಯ ಬೋಯಿಂಗ್ 707 ಎಳೆಯಲಿಲ್ಲ. ದಕ್ಷ ಎಂಜಿನ್‌ನ ಹೊಗೆಯಲ್ಲಿ ಶಾಖ ಕಡಿಮೆ. ಆದ್ದರಿಂದ ತುಸು ಬೆಚ್ಚಗಿನ ಗಾಳಿಯಲ್ಲೂ ಆವಿ ಹೆಪ್ಪುಗಟ್ಟುತ್ತದೆ. ಹಿಂದೆ ಇಷ್ಟು ಗೆರೆಗಳಿರಲಿಲ್ಲ ಎನ್ನುವವರ ಮಾತನ್ನೂ ಇದು ಭಾಗಶಃ ಬಿಡಿಸುತ್ತದೆ. 2008ರಲ್ಲಿ ತೆರೆದ ದೇವನಹಳ್ಳಿಯ ನಿಲ್ದಾಣವನ್ನು ಮಾತ್ರ ದೂರಿ ಪ್ರಯೋಜನವಿಲ್ಲ: ಅಲ್ಲಿಗೆ ಇಳಿಯುವ ವಿಮಾನಗಳು ಇಲ್ಲಿಗೆ ಬರುವಷ್ಟರಲ್ಲಿ ತೀರ ತಗ್ಗಿರುತ್ತವೆ. ಮಳೆಗಾಲದ ಗೆರೆ ಕೆಳಗಿನ ಮೋಡಗಳಿಗೆ ಎದುರಾಗಿ ಪಶ್ಚಿಮಕ್ಕೆ ಸರಿಯುವುದೂ ವಿಚಿತ್ರವಲ್ಲ. ಮುಂಗಾರಿನ ಮೇಲೆ ಪೂರ್ವದಿಂದ ಬೀಸುವ ವೇಗದ ಗಾಳಿಹೊಳೆಯನ್ನು ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲೇ ವಿವರಿಸಿದ್ದಾರೆ.

ಈ ಗೆರೆಗಳು ರಾಸಾಯನಿಕ ಸಿಂಪಡಣೆಯೆಂಬ ಶಂಕೆ ಈ ಊರಲ್ಲಿ ಹುಟ್ಟಿದರೆ ನಗಲಾಗದು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಸೈನೈಡ್ ದಿಬ್ಬಗಳ ಧೂಳು ಮನೆಗಳಿಗೆ ನುಗ್ಗಿದ ಜಾಗವಿದು. ಆದರೆ ಹನ್ನೊಂದು ಕಿ.ಮೀ. ಮೇಲೆ ಚೆಲ್ಲಿದ ನುಣ್ಣನೆಯ ಕಣ ನೇರ ಕೆಳಗಿನ ಊರಿಗೆ ಬೀಳದು, ಗಾಳಿಯೊಡನೆ ನೂರಾರು ಕಿ.ಮೀ. ಸಾಗುತ್ತದೆ. ಮಣ್ಣಿನಲ್ಲಿ ಅಲ್ಯೂಮಿನಿಯಂ ಸಿಕ್ಕಿದ್ದೂ ಸಾಕ್ಷಿಯಾಗದು, ಭೂಚಿಪ್ಪಿನ ಶೇ. 8ರಷ್ಟು ಅದೇ. 2017ರ ‘ವರ್ಷಧಾರಿ’ ಎಂಬ ಸರ್ಕಾರಿ ಮೋಡಬಿತ್ತನೆ ಯೋಜನೆಯ ವಿಮಾನಗಳು ಮಳೆಮೋಡದ ಮಟ್ಟದಲ್ಲಿ ಹಾರಿದವು, ನಿರಭ್ರ ಆಕಾಶದಲ್ಲಲ್ಲ. ಮುಸ್ಸಂಜೆ ಪೂರ್ವದಲ್ಲಿ ತಿರುಚಿಕೊಂಡು ಹೊಳೆಯುವ ಗೆರೆ ಕಂಡರೆ ಮೊದಲು ಸುಮಾರು 230 ಕಿ.ಮೀ. ದೂರದ ಶ್ರೀಹರಿಕೋಟದ ರಾಕೆಟ್ ಉಡಾವಣೆಯ ವೇಳೆ ನೋಡಬೇಕು. ಉಳಿದವನ್ನು ಪರೀಕ್ಷಿಸಲು ವಿಮಾನದ ಎತ್ತರ ಮತ್ತು ಹವಾಮಾನ ಇಲಾಖೆಯ ಬಲೂನು ತರುವ ಉಷ್ಣಾಂಶ ಸಾಕು. ಗೆರೆ ಎಷ್ಟು ಹೊತ್ತು ಉಳಿದೀತೆಂಬುದನ್ನು ಮಾತ್ರ ಈ ವಿಧಾನ ಅಷ್ಟು ಖಚಿತವಾಗಿ ಹೇಳದು: ಅದು ತೇವಾಂಶದ ಮೇಲೆ ನಿಂತಿದೆ, ಮತ್ತು ಅಂಥ ಚಳಿಯಲ್ಲಿ ಬಲೂನಿನ ತೇವಾಂಶಮಾಪಕ ನಂಬಿಕಸ್ಥವಲ್ಲ.